ನಿದ್ರೆ ಮೊದಲೋ, ಮನಸ್ಸು ಮೊದಲೋ?

ಮಾರ್ಗಶಿರದ ಚಳಿಯಲ್ಲಿ ಮೂಡಿಗೆರೆಯಿಂದ ಕಳಸದ ಕಡೆಗೆ ಹೊರಟವರಿಗೆ ದಾರಿಯ ಎರಡು ಪಕ್ಕಗಳಲ್ಲಿಯೂ ಕೆಂಪೇರಿದ ಕಾಫಿಯ ಹಣ್ಣು ಕಾಣುತ್ತದೆ. ಮೇಲೆ ಸಿಲ್ವರ್ ಓಕು, ಹಲಸು, ಅತ್ತಿಗಳ ನೆರಳು. ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಕೆಳಗೆ ಹಣ್ಣು ಕೊಯ್ಯುವ ಹೆಂಗಸರ ಸಾಲು. ಹೊತ್ತು ಮುಳುಗಿ ಏಳು ಘಂಟೆಯಾಗುವುದರೊಳಗೆ ಕಣಿವೆಗಳೆಲ್ಲ ನಿಶ್ಶಬ್ದ. ಪಟ್ಟಣದ ಗದ್ದಲದಿಂದ ಬಂದವರು ‘ಇಲ್ಲಿಯ ಜನ ಎಷ್ಟು ಸುಖವಾಗಿ ನಿದ್ರಿಸುತ್ತಾರೋ!’ ಎಂದು ಅಸೂಯೆ ಪಡುವುದುಂಟು.

ಅಸೂಯೆಗೆ ಕಾರಣವಿಲ್ಲ. ಕೊಯ್ಲಿನ ಕಾಲದಲ್ಲಿ ಬೆಳೆಗಾರನ ಕಿವಿ ರಾತ್ರಿಯಿಡೀ ಹಂಚಿನ ಮೇಲೆಯೇ ಇರುತ್ತದೆ. ಅಕಾಲದ ಒಂದು ಮಳೆ ಸುರಿದರೆ ಕಣದಲ್ಲಿ ಹರವಿದ ಕಾಫಿ ಕೆಟ್ಟಿತು. ಫಾಲ್ಗುಣದಲ್ಲಿ ಹೂಮಳೆ ತಡವಾದರೆ ರೋಬಸ್ಟಾ ಗಿಡಗಳಿಗೆ ತುಂತುರು ನೀರು ಹಾಯಿಸಬೇಕು. ವಿದ್ಯುತ್ತು ನಡುರಾತ್ರಿ ಬಂದರೆ ನಡುರಾತ್ರಿಯೇ ಪಂಪಿನ ಮನೆಗೆ ನಡೆಯಬೇಕು. ಕಾಡಾನೆ ತೋಟಕ್ಕೆ ಇಳಿದಿದೆಯೆಂಬ ಸುದ್ದಿ ಬಂದ ರಾತ್ರಿ ಕೂಲಿಲೈನಿನಲ್ಲಿ ಯಾರೂ ಕಣ್ಣು ಮುಚ್ಚುವುದಿಲ್ಲ.

ಇವೆಲ್ಲ ಹೊರಗಿನ ಕಾರಣಗಳು. ಮಳೆ ನಿಂತರೆ, ಆನೆ ಹೋದರೆ, ಮಾರನೆಯ ರಾತ್ರಿ ನಿದ್ರೆ ಬರುತ್ತದೆ. ಆದರೆ ಮಳೆಯೂ ಆನೆಯೂ ಇಲ್ಲದ ರಾತ್ರಿಗಳಲ್ಲಿಯೂ ನಿದ್ರೆ ಬಾರದವರಿದ್ದಾರೆ. ವಾರದಲ್ಲಿ ಮೂರು ರಾತ್ರಿಯಾದರೂ ನಿದ್ರೆ ಕೆಟ್ಟು, ಅದರಿಂದ ಹಗಲಿನ ಕೆಲಸವೂ ಕೆಟ್ಟು, ಈ ಸ್ಥಿತಿ ಮೂರು ತಿಂಗಳು ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅಂಥ ನಿದ್ರಾಹೀನತೆಗೂ ಮನೋರೋಗಗಳಿಗೂ ಇರುವ ಸಂಬಂಧವೇನೆಂಬುದು ಈ ಲೇಖನದ ವಿಷಯ.

ಮಲೆನಾಡಿನ ಯಾವುದಾದರೂ ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಅರ್ಧ ಘಂಟೆ ಕುಳಿತವರಿಗೆ ಈ ಸಂಬಂಧದ ಒಂದು ಮುಖ ತಾನಾಗಿಯೇ ತಿಳಿಯುತ್ತದೆ. ‘ನನ್ನ ಮನಸ್ಸು ಸರಿಯಿಲ್ಲ’ ಎಂದು ಬಾಯಿಬಿಟ್ಟು ಹೇಳುವವರು ವಿರಳ. ‘ನಿದ್ದೆ ಬರೋದಿಲ್ಲ ಡಾಕ್ಟ್ರೇ’ ಎನ್ನುವವರು ಬಹಳ. ನಿದ್ರೆಯ ಮಾತಿನಲ್ಲಿ ನಾಚಿಕೆಯಿಲ್ಲ. ನೆಂಟರು ಕೇಳಿಸಿಕೊಂಡರೂ ಮಗಳ ಮದುವೆಗೆ ತೊಡಕಿಲ್ಲ. ಮನಸ್ಸಿನ ಸಂಕಟ ವೈದ್ಯರ ಮೇಜನ್ನು ತಲುಪುವುದು ಎಷ್ಟೋ ವೇಳೆ ನಿದ್ರೆಯ ಹೆಸರಿನಲ್ಲಿಯೇ. ಒಂದು ಮಾತ್ರೆಯ ಚೀಟಿ ಬರೆದು ಕಳುಹಿಸುವ ಅವಸರದಲ್ಲಿ ವೈದ್ಯರೂ ಆ ಹೆಸರಿನ ಹಿಂದೇನಿದೆಯೆಂದು ನೋಡದೆ ಬಿಡುವುದುಂಟು.

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ನಮ್ಮ ಗಾದೆ. ಚಿಂತೆ ಕಾರಣ, ನಿದ್ರೆ ಕೆಡುವುದು ಕಾರ್ಯ ಎಂಬುದು ಅದರ ಇಂಗಿತ. ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯರ ಅಭಿಪ್ರಾಯವೂ ಗಾದೆಯ ಅಭಿಪ್ರಾಯವೇ ಆಗಿತ್ತು: ಖಿನ್ನತೆಯೋ ಆತಂಕವೋ ಇದ್ದವನಿಗೆ ನಿದ್ರೆ ಬಾರದು, ಖಿನ್ನತೆಯನ್ನು ಗುಣಪಡಿಸಿದರೆ ನಿದ್ರೆ ಹಿಂತಿರುಗುತ್ತದೆ, ನಿದ್ರೆಗೆಂದು ಬೇರೆ ಚಿಕಿತ್ಸೆ ಬೇಕಿಲ್ಲ. ಕಾಫಿ ಬೆಳೆಗಾರರ ಭಾಷೆಯಲ್ಲಿ ಹೇಳುವುದಾದರೆ, ಕಾಂಡಕೊರಕ ಹೊಕ್ಕ ಗಿಡದ ಎಲೆ ಹಳದಿಯಾಗುತ್ತದೆ. ಎಲೆಯನ್ನು ಉಪಚರಿಸಿದರೆ ಒಳಗಿನ ಹುಳು ಸಾಯುವುದಿಲ್ಲ. ನಿದ್ರಾಹೀನತೆ ಬರಿಯ ಹಳದಿ ಎಲೆ. ಮನೋರೋಗವೇ ಕಾಂಡದೊಳಗಿನ ಹುಳು.

ಈ ಹೋಲಿಕೆ ಎಷ್ಟು ಸರಿ? ಎಲೆ ಹಳದಿಯಾದುದು ಮೊದಲೋ, ಹುಳು ಹೊಕ್ಕುದು ಮೊದಲೋ ಎಂದು ನಿರ್ಧರಿಸಬೇಕಾದರೆ ಒಂದೇ ದಿನ ಗಿಡವನ್ನು ನೋಡಿದರೆ ಸಾಲದು. ಅದೇ ಗಿಡವನ್ನು ಮತ್ತೆ ಮತ್ತೆ ನೋಡಬೇಕು. ಅಮೆರಿಕದಲ್ಲಿ ಫೋರ್ಡ್ ಮತ್ತು ಕ್ಯಾಮರೋ ಎಂಬ ಇಬ್ಬರು ವೈದ್ಯರು ೧೯೮೯ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥದು. ಒಂದು ದೊಡ್ಡ ಸಮೀಕ್ಷೆಯಲ್ಲಿ ೭,೯೫೪ ಮಂದಿ ವಯಸ್ಕರನ್ನು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಪ್ರಶ್ನಿಸಲಾಗಿತ್ತು. ಮೊದಲ ಸಲ ನೂರಕ್ಕೆ ಸುಮಾರು ೧೦ ಮಂದಿ ನಿದ್ರಾಹೀನತೆಯನ್ನು ಹೇಳಿಕೊಂಡರು. ಇವರಲ್ಲಿ ನೂರಕ್ಕೆ ೪೦ ಮಂದಿಗೆ ಯಾವುದಾದರೊಂದು ಮನೋರೋಗವಿತ್ತು. ನಿದ್ರೆಯ ದೂರಿಲ್ಲದವರಲ್ಲಿ ಈ ಪ್ರಮಾಣ ೧೬ಕ್ಕೆ ಸ್ವಲ್ಪ ಹೆಚ್ಚು, ಅಷ್ಟೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವಿದ್ದುದು ಎರಡನೆಯ ಭೇಟಿಯಲ್ಲಿ. ವರ್ಷ ಕಳೆದರೂ ನಿದ್ರೆ ಸರಿಹೋಗದವರಲ್ಲಿ ಹೊಸದಾಗಿ ಖಿನ್ನತೆ ಕಾಣಿಸಿಕೊಳ್ಳುವ ಸಂಭವ ಹಲವು ಪಟ್ಟು ಏರಿತ್ತು. ಈ ನಡುವೆ ನಿದ್ರೆ ಸರಿಹೋದವರಾದರೋ, ಮೊದಲಿನಿಂದ ಚೆನ್ನಾಗಿ ನಿದ್ರಿಸುತ್ತಿದ್ದವರಿಗೆ ಬಹುಮಟ್ಟಿಗೆ ಸಮನಾಗಿದ್ದರು.

ಸಂಶಯಿಗಳು ಸುಮ್ಮನಿರಲಿಲ್ಲ, ವಿಜ್ಞಾನದಲ್ಲಿ ಅವರು ಸುಮ್ಮನಿರಲೂ ಬಾರದು. ಒಂದು ವರ್ಷ ಬಹಳ ಕಡಿಮೆ ಕಾಲ. ಖಿನ್ನತೆ ಆಗಲೇ ಒಳಗೊಳಗೆ ಹುಟ್ಟಿ, ಅದರ ಮೊದಲ ಗುರುತಾಗಿ ನಿದ್ರೆ ಕೆಟ್ಟಿರಬಹುದಲ್ಲವೆ ಎಂದು ಅವರ ಪ್ರಶ್ನೆ. ಉತ್ತರ ಬಂದುದು ಬಹು ಹಿಂದೆ ಪ್ರಾರಂಭವಾಗಿದ್ದ ಒಂದು ಅಧ್ಯಯನದಿಂದ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಕಾಲೇಜಿನಲ್ಲಿ ೧೯೪೮ರಿಂದ ೧೯೬೪ರವರೆಗೆ ತೇರ್ಗಡೆಯಾದ ೧,೦೫೩ ಮಂದಿ ಪುರುಷ ವಿದ್ಯಾರ್ಥಿಗಳ ಅಭ್ಯಾಸಗಳನ್ನು ಅವರು ಓದುತ್ತಿದ್ದಾಗಲೇ ಬರೆದಿಡಲಾಗಿತ್ತು. ತರುವಾಯ ಅವರನ್ನು ಸುಮಾರು ೩೪ ವರ್ಷಗಳ ಕಾಲ ಹಿಂಬಾಲಿಸಲಾಯಿತು. ವಿದ್ಯಾರ್ಥಿದೆಸೆಯಲ್ಲಿ ನಿದ್ರೆ ಬಾರದೆಂದು ಬರೆದುಕೊಟ್ಟಿದ್ದವರಲ್ಲಿ ಮುಂದೆ ಖಿನ್ನತೆಗೆ ಒಳಗಾದವರ ಪ್ರಮಾಣ ಉಳಿದವರಿಗಿಂತ ಎರಡು ಪಟ್ಟು ಎಂದು ೧೯೯೭ರಲ್ಲಿ ವರದಿಯಾಯಿತು. ಮೂವತ್ತು ವರ್ಷ ಒಳಗೊಳಗೇ ಅಡಗಿದ್ದು ನಿದ್ರೆಯನ್ನು ಮಾತ್ರ ಕೆಡಿಸುವ ಖಿನ್ನತೆಯನ್ನು ಊಹಿಸುವುದು ಕಷ್ಟ. (ಹೆಂಗಸರನ್ನು ಏಕೆ ಬಿಟ್ಟರೆಂದು ವಾಚಕಿಯರು ಕೇಳಿದರೆ ಅದು ನ್ಯಾಯವೇ. ಆ ಕಾಲದ ತರಗತಿಗಳಲ್ಲಿ ಅವರ ಸಂಖ್ಯೆ ತೀರ ಕಡಿಮೆ. ನಿದ್ರಾಹೀನತೆಯೂ ಖಿನ್ನತೆಯೂ ಹೆಂಗಸರಲ್ಲಿಯೇ ಹೆಚ್ಚು ಎಂಬುದನ್ನು ಮಾತ್ರ ಬೇರೆ ಅನೇಕ ಅಧ್ಯಯನಗಳು ತೋರಿಸಿವೆ.) ಇಂಥ ೨೧ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಯೂರೋಪಿನ ಸಂಶೋಧಕರಿಗೆ ೨೦೧೧ರಲ್ಲಿ ದೊರೆತ ಉತ್ತರವೂ ಅದೇ: ಎರಡು ಪಟ್ಟು.

ಆದರೂ ಹಿಂಬಾಲಿಸಿ ನೋಡುವುದರಿಂದ ಕಾರಣ ಸಿದ್ಧವಾಗುವುದಿಲ್ಲ. ನಿದ್ರೆಯನ್ನು ಮಾತ್ರ ಸರಿಪಡಿಸಿ, ಮನಸ್ಸಿಗೆ ಏನಾಯಿತೆಂದು ನೋಡಬೇಕು. ಎಲೆಗೆ ಮಾತ್ರ ಉಪಚಾರ ಮಾಡಿ ಹುಳುವಿನ ಗತಿಯನ್ನು ಪರೀಕ್ಷಿಸಬೇಕು. ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ಮತ್ತು ಸಂಗಡಿಗರು ಬ್ರಿಟನ್ನಿನ ೨೬ ವಿಶ್ವವಿದ್ಯಾನಿಲಯಗಳಲ್ಲಿ ಮಾಡಿದ ಪ್ರಯೋಗ ಇದೇ. ನಿದ್ರಾಹೀನತೆಯಿದ್ದ ೩,೭೫೫ ಮಂದಿ ವಿದ್ಯಾರ್ಥಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಅಂತರ್ಜಾಲದ ಮೂಲಕ ನಿದ್ರೆಯ ಚಿಕಿತ್ಸೆಯನ್ನು ಕೊಟ್ಟರು. ಹತ್ತು ವಾರಗಳಲ್ಲಿ ಆ ಪಂಗಡದವರ ನಿದ್ರೆ ಉತ್ತಮಗೊಂಡಿತು. ಅದರೊಡನೆ, ಜನ ತನಗೆ ಕೇಡು ಬಗೆಯುತ್ತಿದ್ದಾರೆಂಬ ಸಂಶಯ, ಇಲ್ಲದ ದನಿ ಕೇಳಿಸುವಂಥ ಭ್ರಮೆ, ಖಿನ್ನತೆ, ಆತಂಕ ಇವೂ ಇಳಿದವು. ಇಳಿತ ದೊಡ್ಡದಲ್ಲ, ಪ್ರಯೋಗವನ್ನು ನಡುವೆ ಬಿಟ್ಟವರೂ ಬಹಳ. ೨೦೧೭ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾವು ಹಿಗ್ಗಿಸಿ ಹೇಳುವುದಿಲ್ಲ. ನಿದ್ರೆ ಬರಿಯ ಹಳದಿ ಎಲೆಯಾಗಿದ್ದರೆ ಇಷ್ಟು ಕೂಡ ಆಗಬಾರದಿತ್ತು.

ಹೀಗೆ ದಾರಿ ಎರಡು ದಿಕ್ಕಿಗೂ ಇದೆ. ಮನಸ್ಸು ನಿದ್ರೆಯನ್ನು ಕೆಡಿಸುತ್ತದೆ. ಕೆಟ್ಟ ನಿದ್ರೆ ಮನಸ್ಸನ್ನು ಕೆಡಿಸುತ್ತದೆ. ಗಾದೆ ಅರ್ಧ ಸತ್ಯವನ್ನು ಹೇಳಿತು. ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹದ ಮೂರು ಆಧಾರಸ್ತಂಭಗಳೆಂದು ಎಣಿಸಿದ ಚರಕಸಂಹಿತೆ ಇನ್ನರ್ಧಕ್ಕೆ ಹೆಚ್ಚು ಸಮೀಪದಲ್ಲಿತ್ತೆಂದು ಕಾಣುತ್ತದೆ.

ನಿದ್ರೆಯ ಒಳಗನ್ನು ನೋಡುವ ಸಾಧನ ದೊರೆತುದು ಬಹು ಈಚೆಗೆ. ಜರ್ಮನಿಯ ಹಾನ್ಸ್ ಬರ್ಗರನು ತಲೆಯ ಮೇಲಿಟ್ಟ ತಂತಿಗಳಿಂದ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿ ೧೯೨೯ರಲ್ಲಿ ಪ್ರಕಟಿಸಿದನು. ೧೯೫೩ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ನಿದ್ರಿಸುವವನ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯ ಕೆಳಗೆ ಆಗಾಗ್ಗೆ ವೇಗವಾಗಿ ಚಲಿಸುವುದನ್ನು ಕಂಡರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಬಹಳ ಮಂದಿ ಕನಸನ್ನು ಹೇಳುತ್ತಾರೆ. ಇದಕ್ಕೆ ‘ರೆಮ್’ ನಿದ್ರೆಯೆಂದು ಹೆಸರಾಯಿತು. ನಾವು ಕನಸಿನ ನಿದ್ರೆಯೆನ್ನೋಣ. ಆರೋಗ್ಯವಂತನ ರಾತ್ರಿಯಲ್ಲಿ ಸುಮಾರು ತೊಂಬತ್ತು ನಿಮಿಷಗಳ ಆವರ್ತಗಳು ನಾಲ್ಕೈದು ಸಲ ಉರುಳುತ್ತವೆ. ಗಾಢನಿದ್ರೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು. ಕನಸಿನ ನಿದ್ರೆ ಬೆಳಗಿನ ಜಾವದ ಕಡೆಗೆ ಬೆಳೆಯುತ್ತದೆ.

ಖಿನ್ನತೆಯಲ್ಲಿ ಈ ಲೆಕ್ಕ ಏರುಪೇರಾಗುತ್ತದೆ. ತೊಂಬತ್ತು ನಿಮಿಷಕ್ಕೆ ಬರಬೇಕಾದ ಮೊದಲ ಕನಸಿನ ನಿದ್ರೆ ಅನೇಕರಲ್ಲಿ ಬಹು ಮುಂಚೆಯೇ ಬರುತ್ತದೆ, ಗಾಢನಿದ್ರೆ ಕುಗ್ಗುತ್ತದೆ, ಮೂರು ನಾಲ್ಕು ಘಂಟೆಗೆಲ್ಲ ಎಚ್ಚರವಾಗಿ ಮತ್ತೆ ಕಣ್ಣು ಹತ್ತುವುದಿಲ್ಲ. ಡೇವಿಡ್ ಕಪ್‌ಫರ್ ಮೊದಲಾದವರು ೧೯೭೦ರ ದಶಕದಲ್ಲಿ ಇದನ್ನು ಅಳೆದಾಗ, ಖಿನ್ನತೆಯನ್ನು ರಕ್ತಪರೀಕ್ಷೆಯಂತೆ ಗುರುತಿಸುವ ಉಪಾಯವೇ ದೊರೆಯಿತೆಂದು ಕೆಲವರು ಭಾವಿಸಿದರು. ಹಾಗಾಗಲಿಲ್ಲ, ಬೇರೆ ಮನೋರೋಗಗಳಲ್ಲಿಯೂ ಇದೇ ಬದಲಾವಣೆ ಕಂಡುಬಂದಿತು.

ಇದಕ್ಕಿಂತಲೂ ವಿಚಿತ್ರವಾದುದೊಂದಿದೆ. ಖಿನ್ನತೆಯ ರೋಗಿಯನ್ನು ಒಂದು ರಾತ್ರಿ ಪೂರ್ತಿ ಎಚ್ಚರವಾಗಿರಿಸಿದರೆ ಮಾರನೆಯ ದಿನ ಅವನ ಮನಸ್ಸು ಎಷ್ಟೋ ವೇಳೆ ಹಗುರವಾಗುತ್ತದೆ! ಜರ್ಮನಿಯ ಫ್ಲೂಗ್ ಮತ್ತು ಟೋಲ್ಲೆ ೧೯೭೧ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಆದರೆ ಮುಂದಿನ ನಿದ್ರೆಯೊಡನೆ ಖಿನ್ನತೆ ಬಹುತೇಕ ಹಿಂತಿರುಗುತ್ತದೆ. ಖಿನ್ನತೆ ಮತ್ತು ಉನ್ಮಾದಗಳು ಸರದಿಯಂತೆ ಬರುವ ದ್ವಿಧ್ರುವ ರೋಗದಲ್ಲಿ ಈ ಉಪಾಯ ಅಪಾಯಕಾರಿ. ಒಂದೆರಡು ರಾತ್ರಿಯ ನಿದ್ರಾಭಂಗವೇ ಅವರನ್ನು ಉನ್ಮಾದಕ್ಕೆ ತಳ್ಳಬಹುದೆಂದು ಅಮೆರಿಕದ ಥಾಮಸ್ ವೆಹರ್ ೧೯೮೦ರ ದಶಕದಲ್ಲಿ ತೋರಿಸಿಕೊಟ್ಟರು. ಮನೆಯಲ್ಲಿ ಮದುವೆ, ಜಾತ್ರೆ, ರಾತ್ರಿಯ ಯಕ್ಷಗಾನ ಇವುಗಳ ತರುವಾಯ ರೋಗ ಮರುಕಳಿಸಿತೆಂದು ರೋಗಿಗಳ ಮನೆಯವರು ಹೇಳುವಾಗ ಅದನ್ನು ಕಾಕತಾಳೀಯವೆಂದು ತಳ್ಳಿಹಾಕುವಂತಿಲ್ಲ.

ರೋಗವೇನೂ ಇಲ್ಲದವರ ಮಿದುಳಿನ ಮೇಲೆಯೂ ಒಂದು ರಾತ್ರಿಯ ಜಾಗರಣೆ ತನ್ನ ಗುರುತನ್ನು ಬಿಡುತ್ತದೆ. ಭಯ, ಕೋಪಗಳನ್ನು ಎಬ್ಬಿಸುವ ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಭಾಗವು, ನಿದ್ರೆಗೆಟ್ಟ ತರುಣರಲ್ಲಿ ಅಪ್ರಿಯವಾದ ಚಿತ್ರಗಳಿಗೆ ನೂರಕ್ಕೆ ಅರವತ್ತರಷ್ಟು ಹೆಚ್ಚಾಗಿ ಕೆರಳಿತೆಂದು ೨೦೦೭ರಲ್ಲಿ ಅಮೆರಿಕದ ಒಂದು ತಂಡ ಕಂಡಿತು. ಅದನ್ನು ಹತೋಟಿಯಲ್ಲಿಡುವ ಮುಮ್ಮಿದುಳಿನೊಡನೆ ಅದರ ಸಂಪರ್ಕವೂ ಸಡಿಲವಾಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದಿ, ಬೆಳಗ್ಗೆ ತಾಯಿಯ ಮೇಲೆ ರೇಗುವ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇನ್ನು ಕಾಫಿಯ ಮಾತು. ಈ ಬೆಟ್ಟಗಳಲ್ಲಿ ಕುಳಿತು ನಿದ್ರೆಯನ್ನು ಕುರಿತು ಬರೆಯುವವರು ಅದನ್ನು ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ.

ಬಾಬಾಬುಡನ್ ಎಂಬ ಸಂತರು ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೆ. ಆ ಬೀಜದಿಂದ ಎಚ್ಚರದ ಸತ್ತ್ವವನ್ನು ಬೇರ್ಪಡಿಸಿದವನು ಜರ್ಮನಿಯ ತರುಣ ರಸಾಯನಜ್ಞ ರುಂಗೆ. ೧೮೧೯ರಲ್ಲಿ ಕವಿ ಗಯಟೆ ಅವನ ಕೈಗೆ ಕಾಫಿಬೀಜವನ್ನಿತ್ತು ಪರೀಕ್ಷಿಸೆಂದನಂತೆ. ದೊರೆತ ಬಿಳಿಯ ಹರಳೇ ಕೆಫೀನ್. ನಮ್ಮ ಅರೇಬಿಕಾ ಬೀಜದಲ್ಲಿ ಅದು ನೂರಕ್ಕೆ ಸುಮಾರು ಒಂದೂಕಾಲು ಭಾಗ. ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಬಾಳೆಹೊನ್ನೂರಿನ ಬಳಿ ೧೯೨೫ರಲ್ಲಿ ಪ್ರಾರಂಭವಾಗಿ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿರುವ ಕೇಂದ್ರವು ಗಿಡದ ರೋಗಗಳನ್ನು ಕುರಿತು ಬಹಳ ಹೇಳಿಕೊಟ್ಟಿದೆ. ಕುಡಿಯುವವನ ನಿದ್ರೆ ಅದರ ಹೊಣೆಯಲ್ಲ.

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗುತ್ತದೆ. ಅದು ನರಕೋಶಗಳ ಮೇಲಿನ ತನಗೆಂದೇ ಇರುವ ಗ್ರಾಹಕಗಳಲ್ಲಿ ಕುಳಿತು, ‘ಸಾಕು, ಮಲಗು’ ಎಂಬ ಒತ್ತಡವನ್ನು ಹೆಚ್ಚಿಸುತ್ತದೆ. ಕೆಫೀನಿನ ಅಣು ರೂಪದಲ್ಲಿ ಅದನ್ನು ಹೋಲುವುದರಿಂದ ಮೊದಲೇ ಹೋಗಿ ಆ ಪೀಠವನ್ನು ಆಕ್ರಮಿಸುತ್ತದೆ. ಕುಳಿತು ಏನನ್ನೂ ಹೇಳುವುದಿಲ್ಲ. ಆದುದರಿಂದ ಕಾಫಿ ದಣಿವನ್ನು ನೀಗುವುದಿಲ್ಲ, ದಣಿವಿನ ಸುದ್ದಿಯನ್ನು ತಡೆಯುತ್ತದೆ. ದೇಹದಲ್ಲಿ ಕೆಫೀನ್ ಅರ್ಧವಾಗಲು ಸುಮಾರು ಐದು ಘಂಟೆ ಬೇಕು. ಸಂಜೆ ಐದಕ್ಕೆ ಕುಡಿದುದರ ಅರ್ಧ ರಾತ್ರಿ ಹತ್ತಕ್ಕೂ ಕಾಲುಭಾಗ ನಡುರಾತ್ರಿ ಮೂರಕ್ಕೂ ಉಳಿದಿರುತ್ತದೆ. ಮಲಗುವ ಆರು ಘಂಟೆ ಮುಂಚೆ ೪೦೦ ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ರೆ ಒಂದು ಘಂಟೆಗಿಂತ ಹೆಚ್ಚು ಕುಗ್ಗಿತೆಂದು ೨೦೧೩ರಲ್ಲಿ ಅಮೆರಿಕದಲ್ಲಿ ಯಂತ್ರದಿಂದ ಅಳೆದು ತೋರಿಸಿದರು. ಅವರು ತಾವೇ ಬರೆದ ದಿನಚರಿಯಲ್ಲಿ ಅಷ್ಟು ನಷ್ಟ ಕಾಣಲಿಲ್ಲ. ‘ನಮಗೆ ರಾತ್ರಿ ಊಟದ ಮೇಲೆ ಕಾಫಿ ಕುಡಿದರೂ ಏನೂ ಆಗುವುದಿಲ್ಲ’ ಎಂಬ ಮಲೆನಾಡಿನ ಜಂಬವನ್ನು ಈ ವ್ಯತ್ಯಾಸದ ಬೆಳಕಿನಲ್ಲಿ ನೋಡಬೇಕು. ಹಾಗೆಂದು ಜಂಬ ಪೂರ್ತಿ ಸುಳ್ಳಲ್ಲ. ಕೆಫೀನನ್ನು ಒಡೆಯುವ ಯಕೃತ್ತಿನ ಕಿಣ್ವ ಹುಟ್ಟಿನಿಂದಲೇ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಧೂಮಪಾನ ಅದನ್ನು ಚುರುಕುಗೊಳಿಸುತ್ತದೆ, ಗರ್ಭಾವಸ್ಥೆ ನಿಧಾನಗೊಳಿಸುತ್ತದೆ. ಲೋಟದಲ್ಲಿರುವ ಚಿಕೋರಿಯಲ್ಲಿ ಕೆಫೀನ್ ಇರುವುದೇ ಇಲ್ಲ. ಈ ಭಾಗವನ್ನು ಬರೆಯುವಾಗ ಸಂಜೆ ಆರಕ್ಕೆ ನಾವೂ ಒಂದು ಲೋಟ ಕುಡಿದೆವೆಂಬುದನ್ನು ಮರೆಮಾಚುವುದಿಲ್ಲ.

ಕಾಫಿಗಿಂತ ದೊಡ್ಡ ಕಳ್ಳ ಮದ್ಯ. ಅದು ಬೇಗ ಕಣ್ಣು ಮುಚ್ಚಿಸುತ್ತದೆ. ಆದುದರಿಂದ ನಿದ್ರೆಯ ಔಷಧವೆಂದು ಬಂಗಲೆಯಲ್ಲಿಯೂ ಲೈನಿನಲ್ಲಿಯೂ ಹೆಸರು ಪಡೆದಿದೆ. ಆದರೆ ಮದ್ಯ ಕರಗುತ್ತ ಬಂದಂತೆ ರಾತ್ರಿಯ ಎರಡನೆಯ ಅರ್ಧ ಚೂರುಚೂರಾಗುತ್ತದೆ, ಕನಸಿನ ನಿದ್ರೆ ಕದಡುತ್ತದೆ, ಮಾರನೆಯ ಸಂಜೆ ಮತ್ತಷ್ಟು ಬೇಕಾಗುತ್ತದೆ. ಕರ್ನಾಟಕದಲ್ಲಿ ೨೦೦೭ರಲ್ಲಿ ಸಾರಾಯಿ ನಿಂತಿತು. ಈ ಚಿಕಿತ್ಸಾಕ್ರಮ ನಿಲ್ಲಲಿಲ್ಲ.

ಮೂರನೆಯ ಕಾರಣವನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. ೨೦೧೯ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮೂಡಿಗೆರೆ, ಕಳಸಗಳ ಕಡೆ ಗುಡ್ಡಗಳು ಜಾರಿದವು. ಮನೆ, ತೋಟಗಳು ಮಣ್ಣಿನೊಡನೆ ಹೋದವು. ಇಂಥ ಆಘಾತವನ್ನು ಕಂಡವರಲ್ಲಿ ಕೆಲವರಿಗೆ ಘಟನೆ ಮುಗಿದ ಮೇಲೂ ರಾತ್ರಿ ಮುಗಿಯುವುದಿಲ್ಲ. ಅದೇ ದುಃಸ್ವಪ್ನ ಮತ್ತೆ ಮತ್ತೆ ಬರುತ್ತದೆ. ಕನಸಿಗೆ ಹೆದರಿ ನಿದ್ರೆಯನ್ನೇ ದೂರವಿಡುತ್ತಾರೆ. ಹಂಚಿನ ಮೇಲೆ ಮಳೆಯ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ. ಇದು ಹೇಡಿತನವಲ್ಲ, ಹೆಸರೂ ಚಿಕಿತ್ಸೆಯೂ ಉಳ್ಳ ಕಾಯಿಲೆ.

ಹಳ್ಳಿಯವರಿಗೆ ಮನೋರೋಗ ಕಡಿಮೆ ಎಂಬ ನಂಬಿಕೆ ಬಹುಕಾಲ ವಿದ್ವಾಂಸರಲ್ಲಿಯೂ ಇತ್ತು. ಅದನ್ನು ನಮ್ಮ ನೆಲದಲ್ಲಿಯೇ ಪರೀಕ್ಷಿಸಿದವರು ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್. ಕಳಸದಿಂದ ಕುದುರೆಮುಖದ ಘಟ್ಟವನ್ನಿಳಿದರೆ ಕರಾವಳಿ. ಉಡುಪಿಯ ಉತ್ತರಕ್ಕೆ ಕೋಟ ಎಂಬ ಹಳ್ಳಿ. ಅಲ್ಲಿಯ ಬ್ರಾಹ್ಮಣ, ಬಂಟ, ಮೊಗೇರ ಮನೆಗಳಿಗೆ ಹೋಗಿ ವಯಸ್ಕರೊಡನೆ ಕುಳಿತು ಮಾತನಾಡಿ, ೧೯೭೬ರಲ್ಲಿ ಅವರು ಪ್ರಕಟಿಸಿದ ಗ್ರಂಥ ಇಂದಿಗೂ ಉಲ್ಲೇಖನೀಯ. ಹಳ್ಳಿಯಲ್ಲಿ ಮನಸ್ಸಿನ ಸಂಕಟಕ್ಕೇನೂ ಕೊರತೆಯಿರಲಿಲ್ಲ. ಸಂಕಟಪಡುವವರು ವೈದ್ಯರ ಬಳಿಗೂ ಹೋಗುತ್ತಿದ್ದರು, ಮಂತ್ರವಾದಿ, ಪಾತ್ರಿಗಳ ಬಳಿಗೂ ಹೋಗುತ್ತಿದ್ದರು. ಒಂದು ಇನ್ನೊಂದಕ್ಕೆ ವಿರೋಧವೆಂದು ಅವರಿಗೆ ತೋರಿರಲಿಲ್ಲ. ಪೇಟೆಯ ಓದುಗರೂ ಈ ವಿದ್ಯೆಗೆ ಅಪರಿಚಿತರಲ್ಲ: ‘ಕೊರವಂಜಿ’ಯ ನಗೆಯಿಂದ ಮನೆಮಾತಾಗಿದ್ದ ವೈದ್ಯ ರಾ.ಶಿ. ಅವರ ‘ಮನಮಂಥನ’ಕ್ಕೆ ಅದೇ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಗಿ, ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಸೇರಿ ೧೯೭೪ರಲ್ಲಿ ‘ನಿಮ್ಹಾನ್ಸ್’ ಆಯಿತು. ಅಲ್ಲಿಯ ನರಕ್ರಿಯಾವಿಜ್ಞಾನ ವಿಭಾಗದ ನಿದ್ರಾ ಪ್ರಯೋಗಶಾಲೆಯಲ್ಲಿ ರಾತ್ರಿಯಿಡೀ ಮಿದುಳಿನ ತರಂಗ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತಗಳನ್ನು ದಾಖಲಿಸುತ್ತಾರೆ. ವಯಸ್ಸಾದಂತೆ ಗಾಢನಿದ್ರೆ ಕುಗ್ಗುವುದು ಸಹಜ. ದೀರ್ಘಕಾಲ ವಿಪಶ್ಯನ ಧ್ಯಾನ ಮಾಡಿದವರಲ್ಲಿ ಅದು ಹೆಚ್ಚು ಉಳಿದಿರುತ್ತದೆಂದು ಇಲ್ಲಿಯ ಸಂಶೋಧಕರು ೨೦೧೦ರಲ್ಲಿ ವರದಿ ಮಾಡಿದರು. ಧ್ಯಾನದಿಂದಲೇ ನಿದ್ರೆ ಉಳಿಯಿತೋ, ಒಳ್ಳೆಯ ನಿದ್ರೆಯವರೇ ಧ್ಯಾನದಲ್ಲಿ ನಿಂತರೋ ಎಂದು ಜಾಗರೂಕ ವಾಚಕರು ಈಗ ತಾವೇ ಕೇಳಿಯಾರು.

ಬೆಂಗಳೂರಿನ ಪ್ರಯೋಗಶಾಲೆ ಕಳಸದ ರೋಗಿಗೆ ಬಲು ದೂರ. ತಜ್ಞರು ಹಳ್ಳಿಗೆ ಬರಲಾರರಾದರೆ ಹಳ್ಳಿಯ ವೈದ್ಯರನ್ನೇ ತರಬೇತುಗೊಳಿಸಬೇಕೆಂಬ ಯೋಚನೆಯನ್ನು ನಿಮ್ಹಾನ್ಸ್ ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಕಾರ್ಯಗತಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗಗಳನ್ನು ಗುರುತಿಸುವ, ಕೆಲವೇ ಔಷಧಗಳಿಂದ ಉಪಚರಿಸುವ ಪಾಠ ದೊರೆಯಿತು. ಬಳ್ಳಾರಿಯ ಈ ಮಾದರಿಯೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆದರೂ ನಿಮ್ಹಾನ್ಸ್ ೨೦೧೫–೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮನೋರೋಗವಿದೆ. ರೋಗಕ್ಕನುಸಾರವಾಗಿ ಅವರಲ್ಲಿ ನೂರಕ್ಕೆ ೭೦ರಿಂದ ೯೨ ಮಂದಿಗೆ ಚಿಕಿತ್ಸೆ ದೊರೆಯುತ್ತಿಲ್ಲ. ‘ನಿದ್ದೆ ಬರೋದಿಲ್ಲ’ ಎಂದು ಬಂದವನಿಗೆ ವೈದ್ಯರು ಇನ್ನೆರಡು ಪ್ರಶ್ನೆಗಳನ್ನು ಹೆಚ್ಚಾಗಿ ಕೇಳಿದರೆ ಈ ಸಂಖ್ಯೆ ಇಳಿಯಬಹುದೆಂದು ನಮ್ಮ ಅಭಿಪ್ರಾಯ: ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗಲೂ ಇಷ್ಟವಾಗುತ್ತಿದೆಯೆ? ಬದುಕು ಸಾಕೆನಿಸಿದೆಯೆ? ಎರಡನೆಯ ಪ್ರಶ್ನೆಯನ್ನು ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುತ್ತದೆಂಬ ಭಯ ನಿರಾಧಾರ. ಕೇಳಿದುದರಿಂದ ಅನೇಕರಿಗೆ ಹೊರೆ ಇಳಿದಂತಾಗುತ್ತದೆ. ಮೂರನೆಯದೊಂದು ಪ್ರಶ್ನೆ ಹೆಂಡತಿಗೆ: ಇವರು ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಲ್ಲಿಸುತ್ತಾರೆಯೆ? ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ ಖಿನ್ನತೆಯ ವೇಷದಲ್ಲಿ ಬರುವುದುಂಟು. ಅದರ ಚಿಕಿತ್ಸೆಯೇ ಬೇರೆ.

ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ ಎಂಬುದು ಬಹಳ ಮಂದಿಗೆ ಹೊಸ ಸುದ್ದಿಯಾದೀತು. ಅಮೆರಿಕದ ವೈದ್ಯರ ಮಹಾಸಂಸ್ಥೆಯೊಂದು ೨೦೧೬ರಲ್ಲಿ ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಗೇ ಅಗ್ರಸ್ಥಾನ ಕೊಟ್ಟಿತು. ಅದರ ತತ್ತ್ವ ಸರಳ, ಪಾಲನೆ ಕಷ್ಟ. ನಿದ್ರೆ ಬಾರದೆ ಹೊರಳಾಡಿದಷ್ಟೂ ಹಾಸಿಗೆ ಚಿಂತೆಯ ಸ್ಥಳವೆಂದು ಮಿದುಳು ಕಲಿಯುತ್ತದೆ. ಆದುದರಿಂದ ನಿದ್ರೆ ತೂಗಿದಾಗ ಮಾತ್ರ ಮಲಗಬೇಕು; ಇಪ್ಪತ್ತು ನಿಮಿಷದಲ್ಲಿ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು; ರಾತ್ರಿ ಹೇಗೆ ಕಳೆದಿದ್ದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳಬೇಕು. ರಿಚರ್ಡ್ ಬೂಟ್‌ಜಿನ್ ೧೯೭೨ರಲ್ಲಿ ಇದನ್ನು ರೂಪಿಸಿದರು. ಆರ್ಥರ್ ಸ್ಪೀಲ್‌ಮನ್ ೧೯೮೭ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಎಂ‌ಟು ಘಂಟೆ ಮಲಗಿ ಆರು ಘಂಟೆ ನಿದ್ರಿಸುವವನು ಆರು ಘಂಟೆ ಮಾತ್ರ ಮಲಗಲಿ, ನಿದ್ರೆ ಗಟ್ಟಿಯಾದಂತೆ ಹೊತ್ತನ್ನು ಹಿಗ್ಗಿಸೋಣ. ದ್ವಿಧ್ರುವ ರೋಗ, ಅಪಸ್ಮಾರಗಳಿದ್ದವರು ವೈದ್ಯರಿಲ್ಲದೆ ಇದನ್ನು ಮಾಡಬಾರದು. ಕಾರಣವನ್ನು ಮೇಲೆ ನೋಡಿದ್ದೇವೆ. ಘಟ್ಟದ ರಸ್ತೆಯಲ್ಲಿ ಜೀಪು ಓಡಿಸುವವರೂ ಎಚ್ಚರದಿಂದಿರಬೇಕು. ಮಾತ್ರೆಗಳಿಗೂ ಸ್ಥಾನವುಂಟು, ಆದರೆ ಅಲ್ಪಕಾಲಕ್ಕೆ, ವೈದ್ಯರ ಚೀಟಿಯಿಂದ. ದೀರ್ಘಕಾಲದ ಬಳಕೆ ಚಟವಾಗುತ್ತದೆ. ಮುದುಕರು ರಾತ್ರಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಖಿನ್ನತೆಯ ಔಷಧವನ್ನು ನಿದ್ರೆ ಬಂದಿತೆಂದು ತಾವೇ ನಿಲ್ಲಿಸುವುದೂ ತಪ್ಪು.

ಕಾಫಿಯ ನಾಡಿನವರಿಗೆ ಮೀಸಲಾದ ಒಂದು ಎಚ್ಚರಿಕೆಯಿದೆ. ದ್ವಿಧ್ರುವ ರೋಗಕ್ಕೆ ಕೊಡುವ ಲಿಥಿಯಮ್ ಮೂತ್ರಪಿಂಡಗಳ ಮೂಲಕ ಹೊರಹೋಗುತ್ತದೆ. ಕೆಫೀನ್ ಅದನ್ನು ಬೇಗ ಹೊರದೂಡುತ್ತದೆ. ದಿನಕ್ಕೆ ಆರು ಲೋಟ ಕುಡಿಯುವವರು, ಲೇಖನ ಓದಿದ ಉತ್ಸಾಹದಲ್ಲಿ ಕಾಫಿಯನ್ನು ಒಮ್ಮೆಲೇ ಬಿಟ್ಟರೆ ರಕ್ತದಲ್ಲಿ ಲಿಥಿಯಮ್ ಏರಿ ವಿಷವಾಗಬಹುದು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಇದಕ್ಕೆ ವಿರುದ್ಧ: ಕೆಫೀನನ್ನು ಒಡೆಯುವ ಕಿಣ್ವವೇ ಅದನ್ನೂ ಒಡೆಯುವುದರಿಂದ ಕಾಫಿ ಹೆಚ್ಚಿದರೆ ಔಷಧವೂ ರಕ್ತದಲ್ಲಿ ಹೆಚ್ಚುತ್ತದೆ. ಕುಡಿಯುವ ಲೋಟಗಳ ಲೆಕ್ಕವನ್ನು ವೈದ್ಯರಿಗೆ ಹೇಳಬೇಕು; ಬದಲಾಯಿಸುವ ಮುನ್ನ ಕೇಳಬೇಕು.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದವರೆಗೆ ಹೋಗಲಾಗದವರು ೨೦೨೨ರ ಅಕ್ಟೋಬರಿನಲ್ಲಿ ಪ್ರಾರಂಭವಾದ ‘ಟೆಲಿ ಮಾನಸ್’ ದೂರವಾಣಿಗೆ, ೧೪೪೧೬ ಎಂಬ ಸಂಖ್ಯೆಗೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರ ಬಳಿಗೆ ಹೋಗುವವರು ಎರಡು ವಾರದ ನಿದ್ರೆಯ ದಿನಚರಿಯನ್ನು ಬರೆದೊಯ್ದರೆ ಬಹಳ ಉಪಕಾರ: ಮಲಗಿದ ಹೊತ್ತು, ಕಣ್ಣು ಹತ್ತಿದ ಹೊತ್ತು, ಎಷ್ಟು ಸಲ ಎಚ್ಚರವಾಯಿತು, ಎದ್ದ ಹೊತ್ತು, ಕಾಫಿ ಎಷ್ಟು ಲೋಟ, ಕೊನೆಯದು ಯಾವಾಗ, ಮದ್ಯವೆಷ್ಟು, ಮನಸ್ಸು ಹೇಗಿತ್ತು. ಬೆಳೆಗಾರರ ಮನೆಯಲ್ಲಿ ಇದು ಕಷ್ಟವಾಗಲಾರದು. ದಿನವೂ ಬೆಳಗ್ಗೆ ಅಳತೆಯ ಪಾತ್ರೆಯನ್ನು ನೋಡಿ, ಇಷ್ಟು ಇಂಚು ಇಷ್ಟು ಸೆಂಟು ಮಳೆಯೆಂದು ಬರೆದಿಡುವ ಪುಸ್ತಕ ಅಲ್ಲಿ ಎಷ್ಟೋ ವರ್ಷಗಳಿಂದ ಗೂಟಕ್ಕೆ ತೂಗಾಡುತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಗೆರೆ ಎಳೆದುಕೊಂಡರೆ ಸಾಕು.